ಲೆಕ್ಕ ಕೇಳಿದರೆ ಕಲ್ಪನೆ ಸಾಯುವುದಿಲ್ಲ

ಓದುಗರ ಪತ್ರ: ವಿಶೇಷಾಂಕಕ್ಕೆ ನಾನು ಕಳಿಸಿದ್ದ ವಿಜ್ಞಾನ ಕತೆಯನ್ನು ಅಂಚಿನ ತುಂಬ ಟಿಪ್ಪಣಿ ಬರೆದು ಹಿಂದಿರುಗಿಸಿದ್ದೀರಿ. ಚಂದ್ರನ ಮೇಲೆ ಸ್ಫೋಟದ ಸದ್ದು ಕೇಳುವುದಿಲ್ಲ, ಅಲ್ಲಿ ಭೂಮಿ ಮುಳುಗುವುದಿಲ್ಲ, ನೌಕೆ ಹಾಗೆ ನಿಲ್ಲುವುದಿಲ್ಲ ಎಂದೆಲ್ಲ ತಕರಾರು ತೆಗೆದಿದ್ದೀರಿ. ಪುಷ್ಪಕ ವಿಮಾನಕ್ಕೆ ಇಂಧನ ಯಾವುದೆಂದು ಯಾರಾದರೂ ಕೇಳಿದರೇ? ಕತೆಯಲ್ಲಿ ಮುಖ್ಯ ಮನುಷ್ಯ, ಭೌತಶಾಸ್ತ್ರ ಪಠ್ಯಪುಸ್ತಕದಲ್ಲಿರಲಿ. ಹೀಗೆ ಲೆಕ್ಕ ಕೇಳುತ್ತ ಹೋದರೆ ಕಲ್ಪನೆ ಉಳಿಯುವುದೆಲ್ಲಿ?
— ಒಬ್ಬ ಕತೆಗಾರ, ಗದಗ

ಸಂಪಾದಕರ ಉತ್ತರ:

ಮಾನ್ಯರೆ,

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಕತೆ ಕೆಟ್ಟದಾಗಿದ್ದರೆ ಅಂಚಿನಲ್ಲಿ ಅಷ್ಟೊಂದು ಬರೆಯುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ನಿಮ್ಮ ಮಾತಿನಲ್ಲಿ ಒಪ್ಪತಕ್ಕದ್ದೂ ಇದೆ. ಸಮೀಕರಣ ಓದಲು ಯಾರೂ ಕತೆಯ ಬಳಿ ಬರುವುದಿಲ್ಲ. ಬೆಳಕನ್ನೂ ಹಿಂದೆ ಹಾಕುವ ನೌಕೆಯೊಂದನ್ನು ಕತೆಗಾರ ಕಲ್ಪಿಸಿಕೊಂಡು, ಆ ಮಾತನ್ನು ಮೊದಲ ಪುಟದಲ್ಲೇ ಹೇಳಿ, ಕೊನೆಯವರೆಗೂ ಅದಕ್ಕೆ ಬದ್ಧನಾಗಿದ್ದರೆ ನನ್ನ ತಕರಾರಿಲ್ಲ.

ಆದರೆ ಪುಷ್ಪಕದ ಉದಾಹರಣೆ ನಿಮ್ಮ ವಾದಕ್ಕೆ ಒದಗುವುದಿಲ್ಲ. ಪುರಾಣಗಳು ಇಂಧನದ ಲೆಕ್ಕ ಕೊಡದಿದ್ದರೂ ತಮ್ಮ ಕಟ್ಟಳೆಯನ್ನು ಸುಲಭಕ್ಕೆ ಸಡಿಲಿಸುವುದಿಲ್ಲ. ಒಮ್ಮೆ ಕೊಟ್ಟ ಶಾಪವನ್ನು ಕೊಟ್ಟವನೂ ಹಿಂತೆಗೆದುಕೊಳ್ಳಲಾರ. ಹೆಚ್ಚೆಂದರೆ ಉಶ್ಶಾಪ ಹೇಳಬಲ್ಲ. ರಥದ ಗಾಲಿ ನೆಲದಲ್ಲಿ ಹೂತ ಹೊತ್ತಿಗೆ ಸರಿಯಾಗಿ ಕರ್ಣನಿಗೆ ಅಸ್ತ್ರದ ಮಂತ್ರ ನೆನಪಾಗಿಬಿಟ್ಟಿದ್ದರೆ ಆ ಪ್ರಸಂಗದಲ್ಲಿ ಏನು ಉಳಿಯುತ್ತಿತ್ತು? ವಿಜ್ಞಾನ ಕತೆಗೆ ಇಂಥ ಕಟ್ಟಳೆಯನ್ನು ಕೊಡುವುದು ಭೌತಶಾಸ್ತ್ರ. ಕತೆಗಾರನ ಕೈಗೆ ಅದು ಪುಕ್ಕಟೆಯಾಗಿ ದೊರೆತಿರುವಾಗ ನಾವು ಅದನ್ನು ಬೇಡವೆನ್ನುತ್ತಿದ್ದೇವೆ.

ನಿಮ್ಮ ಕತೆಯನ್ನೇ ತೆಗೆದುಕೊಳ್ಳೋಣ. ಚಂದ್ರನ ನೆಲೆಯಲ್ಲಿ ಕೂತ ಮುದುಕ ಪ್ರತಿ ಸಂಜೆ ಭೂಮಿ ಮುಳುಗುವುದನ್ನು ನೋಡುತ್ತ ಬೆಟಗೇರಿಯ ತನ್ನ ಮನೆಯನ್ನು ನೆನೆಯುತ್ತಾನೆ. ಚಂದ್ರ ಸದಾ ಒಂದೇ ಮುಖವನ್ನು ನಮ್ಮತ್ತ ತೋರಿಸುತ್ತಿರುವುದರಿಂದ ಆ ಮುಖದ ಮೇಲೆ ಒಂದೆಡೆ ಕೂತವನಿಗೆ ಭೂಮಿ ಹೆಚ್ಚುಕಡಿಮೆ ಆಕಾಶದ ಅದೇ ಜಾಗದಲ್ಲಿ, ತುಸು ಓಲಾಡುತ್ತ, ನಿಂತೇ ಇರುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ದಕ್ಷಿಣದ ಸೀಮೆಯಲ್ಲಾದರೆ ಅದು ದಿಗಂತದಿಂದ ಸ್ವಲ್ಪವೇ ಮೇಲೆ ಕಾಣುತ್ತದೆ. ಅಲ್ಲಿ ಹಗಲೆಂದರೆ ನಮ್ಮ ಸುಮಾರು ಎರಡು ವಾರ, ಇರುಳೆಂದರೆ ಮತ್ತೆರಡು ವಾರ. ಇನ್ನೂ ಒಂದು ಸಂಗತಿಯಿದೆ: ನಮಗೆ ಅಮಾವಾಸ್ಯೆಯಾದ ದಿನ ಅಲ್ಲಿಗೆ ತುಂಬು ಭೂಮಿ, ನಮಗೆ ಹುಣ್ಣಿಮೆಯಾದ ದಿನ ಅಲ್ಲಿಂದ ಕಾಣುವುದು ಭೂಮಿಯ ಕತ್ತಲ ಬದಿ. ಎಂದರೆ ಸೀಗೆ ಹುಣ್ಣಿಮೆಯ ರಾತ್ರಿ ಬೆಟಗೇರಿಯ ಜನ ಬೆಳದಿಂಗಳ ಊಟಕ್ಕೆ ಕೂತು ಮೇಲೆ ನೋಡಿದಾಗ, ಅವರು ನೋಡುತ್ತಿರುವ ಆ ಬೆಳಕಿನ ನೆಲದ ಮೇಲಿರುವ ನಿಮ್ಮ ಮುದುಕನಿಗೆ ಅವರ ಊರು ಕಾಣುವುದೇ ಇಲ್ಲ. ಪ್ರತಿ ಸಂಜೆ ಮುಳುಗುವ ಭೂಮಿಗೆ ಈ ಶಕ್ತಿ ಎಲ್ಲಿಂದ ಬರಬೇಕು?

ಮುದುಕನಿಗೆ ಮನೆಯಿಂದ ಫೋನು ಬರುವ ಜಾಗವೂ ಹಾಗೆಯೇ. ಚಂದ್ರ ಇರುವುದು ಸರಾಸರಿ 3,84,000 ಕಿಲೋಮೀಟರ್ ದೂರದಲ್ಲಿ, ಮಾತು ಅಲ್ಲಿಗೆ ತಲುಪಲು ಸುಮಾರು 1.3 ಸೆಕೆಂಡ್ ಬೇಕು. ತಂಗಿ ಇಲ್ಲಿಂದ "ಊಟ ಆತೇನಣ್ಣಾ?" ಎಂದು ಕೇಳಿದರೆ ಅವನು ಥಟ್ಟನೆ ಉತ್ತರಿಸಿದರೂ ಅವಳ ಕಿವಿಗೆ ಬೀಳುವಾಗ ಎರಡೂವರೆ ಸೆಕೆಂಡ್ ಕಳೆದಿರುತ್ತದೆ. ಆ ಮೌನವನ್ನು ಸಂಭಾಷಣೆಯಲ್ಲಿ ಬಳಸಿಕೊಳ್ಳಬಲ್ಲ ಕತೆಗಾರ ನೀವು, ಏಕೆ ಬಿಟ್ಟಿರಿ?

ಸ್ಫೋಟದ ಸದ್ದಿನ ವಿಷಯ ಬೇಗ ಮುಗಿಸುತ್ತೇನೆ. ಗಾಳಿಯಿಲ್ಲದಲ್ಲಿ "ಢಂ" ಎನ್ನುವುದಿಲ್ಲ, ಆದರೆ ನೆಲ ನಡುಗುತ್ತದೆ. 1969ರ ನವೆಂಬರಿನಲ್ಲಿ ಅಪೋಲೋ 12ರ ಯಾತ್ರಿಕರು ತಾವು ಬಳಸಿ ಮುಗಿಸಿದ ನೌಕಾಭಾಗವನ್ನು ಚಂದ್ರನ ಮೇಲೆ ಬೀಳಿಸಿದಾಗ, ಅವರು ಅಲ್ಲಿ ಇಟ್ಟು ಬಂದಿದ್ದ ಕಂಪನಮಾಪಕ ಹೆಚ್ಚುಕಡಿಮೆ ಒಂದು ಗಂಟೆ ಕಾಲ ಕಂಪನವನ್ನು ದಾಖಲಿಸಿತು. ನಿಮ್ಮ ಮುದುಕ ಸ್ಫೋಟವನ್ನು ಅಂಗಾಲಿನಿಂದ ತಿಳಿಯಲಿ.

ಇನ್ನು ಅವನ ಮಗ ಬರುತ್ತಿರುವ ನೌಕೆ. ಅದರಲ್ಲಿ ಎಲ್ಲರೂ ನಮ್ಮ ಹಾಗೆ ಓಡಾಡುತ್ತಾರೆ, ಕಾರಣ ಕೇಳಿದರೆ "ಗುರುತ್ವ ಯಂತ್ರ" ಎಂದು ಒಂದು ಪದ ಬರೆದು ಮುಂದೆ ಹೋಗಿದ್ದೀರಿ. ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು ನೀವು ನೋಡಿದ್ದೀರಿ. ಅದನ್ನು ಬಾಗಿಸಿ, ಎರಡು ತುದಿಗಳನ್ನು ಕೂಡಿಸಿ ಚಕ್ರ ಮಾಡಿದಿರೆಂದುಕೊಳ್ಳಿ. ಆ ಚಕ್ರವನ್ನು ಆಕಾಶದಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ ಎರಡು ಸುತ್ತಿನಂತೆ ತಿರುಗಿಸಿದರೆ ಅದರ ಒಳಮೈಯ ಮೇಲೆ ನಿಂತವನಿಗೆ ಭೂಮಿಯ ಮೇಲಿರುವಷ್ಟೇ ತೂಕ ಬರುತ್ತದೆ. ಇದಕ್ಕೆ ಬೇಕಾದ ಲೆಕ್ಕ ಪಿಯುಸಿಯ ಪುಸ್ತಕದಲ್ಲಿದೆ. ಈ ಚಕ್ರದಲ್ಲಿ ಒಂದೂವರೆ ಮೀಟರ್ ಎತ್ತರದಿಂದ ಕೈಬಿಟ್ಟ ಚೆಂಡು ನೇರ ಕೆಳಗೆ ಬೀಳದೆ ಸುಮಾರು 11 ಸೆಂಟಿಮೀಟರ್ ಹಿಂದಕ್ಕೆ ಬೀಳುತ್ತದೆ. ಚಕ್ರ ತಿರುಗುವ ದಿಕ್ಕಿನಲ್ಲಿ ಸೆಕೆಂಡಿಗೆ ಐದು ಮೀಟರಿನಂತೆ ಓಡಿದವನ ಮೈ ಐದರಲ್ಲೊಂದು ಪಾಲು ಭಾರವಾಗುತ್ತದೆ, ತಿರುಗಿ ಎದುರು ದಿಕ್ಕಿಗೆ ಓಡಿದರೆ ಅಷ್ಟೇ ಹಗುರವಾಗುತ್ತದೆ. ಅಲ್ಲೇ ಹುಟ್ಟಿ ಬೆಳೆದ ಮಗು ಮೊದಲ ಸಲ ಭೂಮಿಗೆ ಬಂದು ಲಗೋರಿ ಆಡಲು ನಿಂತರೆ ಅದರ ಗುರಿ ಪ್ರತಿ ಸಲ ತಪ್ಪುತ್ತದೆ. ಬಂಧುಗಳು ನಗುತ್ತಾರೆ, ಅದಕ್ಕೆ ಅಳು ಬರುತ್ತದೆ. "ಗುರುತ್ವ ಯಂತ್ರ" ಎಂಬ ಪದದಿಂದ ಇಂಥ ಮಗು ಹುಟ್ಟುವುದಿಲ್ಲ.

ಕೊನೆಗೆ ನೌಕೆ ನಿಲ್ಲುವ ದೃಶ್ಯ. ಬೆಳಕಿನ ಹತ್ತನೆಯ ಒಂದು ಪಾಲು ವೇಗದಲ್ಲಿ, ಎಂದರೆ ಸೆಕೆಂಡಿಗೆ 30,000 ಕಿಲೋಮೀಟರಿನಂತೆ ಬರುತ್ತಿರುವ ನೌಕೆಯನ್ನು ಮಗ ಒಂದು ನಿಮಿಷದಲ್ಲಿ ನಿಲ್ಲಿಸಿ ತಂದೆಯನ್ನು ಅಪ್ಪಿಕೊಳ್ಳುತ್ತಾನೆ. ಹಾಗೆ ನಿಲ್ಲಿಸಿದರೆ ಒಳಗಿರುವವರ ಮೇಲೆ ಭೂಮಿಯ ಗುರುತ್ವದ 50,000 ಪಟ್ಟು ಒತ್ತಡ ಬೀಳುತ್ತದೆ. ಅಪ್ಪಿಕೊಳ್ಳಲು ಮಗನೇ ಉಳಿದಿರುವುದಿಲ್ಲ. ಮೈ ತಾಳುವಂತೆ, ಭೂಮಿಯ ಗುರುತ್ವದಷ್ಟೇ ಒತ್ತಡದಲ್ಲಿ ವೇಗ ಇಳಿಸುತ್ತ ಬಂದರೆ 35 ದಿನ ಬೇಕು, ಮತ್ತು ಆ ಕೆಲಸವನ್ನು ನೆಪ್ಚೂನ್ ಗ್ರಹಕ್ಕಿಂತ ಹತ್ತು ಪಟ್ಟು ದೂರದಲ್ಲಿರುವಾಗಲೇ ಆರಂಭಿಸಬೇಕು. ಅಲ್ಲಿಂದ ಮಗ ಕಳಿಸಿದ "ಬರುತ್ತಿದ್ದೇನೆ" ಎಂಬ ಸಂದೇಶ ತಂದೆಯನ್ನು ಮುಟ್ಟಲು 42 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಷ್ಟೂ ದಿನ ನೌಕೆಯ ಚಕ್ರವನ್ನು ನಿಲ್ಲಿಸಿರಬೇಕು, ಏಕೆಂದರೆ ಈಗ ತೂಕದ ದಿಕ್ಕೇ ಬದಲಾಗಿ ನಿನ್ನೆಯವರೆಗೆ ಗೋಡೆಯಾಗಿದ್ದದ್ದು ನೆಲವಾಗಿರುತ್ತದೆ. ಇತ್ತ ತಂದೆಯ ಪಾಲಿಗೆ ಆ 35 ದಿನಗಳಲ್ಲಿ ಚಂದ್ರನ ಒಂದು ಇಡೀ ದೀರ್ಘ ಇರುಳು ಬಂದು ಹೋಗಬಹುದು. ತಂದೆ ಮಗನ ಕತೆ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ನೀವು ಅದನ್ನು ಒಂದು ನಿಮಿಷಕ್ಕೆ ಇಳಿಸಿಬಿಟ್ಟಿದ್ದೀರಿ.

ಲೆಕ್ಕ ಮಾಡಿ ಬರೆದವರಿಗೆ ಲೆಕ್ಕ ತಪ್ಪಿದಾಗಲೂ ಫಲ ದೊರೆತಿದೆ. ಜೂಲ್ಸ್ ವರ್ನ್ 1865ರಲ್ಲಿ ಮನುಷ್ಯರನ್ನು ಫಿರಂಗಿಯಿಂದ ಚಂದ್ರನತ್ತ ಹಾರಿಸಿದ. ಆ ಹೊಡೆತಕ್ಕೆ ಯಾರೂ ಬದುಕುತ್ತಿರಲಿಲ್ಲ. ಆದರೆ ಅವನು ಅಂಕಿಗಳನ್ನು ಕೊಟ್ಟಿದ್ದ, ಆದ್ದರಿಂದ ಓದಿದವರು ತಾಳೆ ನೋಡಬಹುದಾಗಿತ್ತು; ಅವನನ್ನು ಓದಿ ಪ್ರೇರಣೆ ಪಡೆದ ರಷ್ಯಾದ ವಿಜ್ಞಾನಿ ತ್ಸಿಯೋಲ್ಕೊವ್ಸ್ಕಿ 1903ರಲ್ಲಿ ರಾಕೆಟ್ಟಿನ ಸಮೀಕರಣವನ್ನು ಪ್ರಕಟಿಸಿದ. ನಮ್ಮ ಕಾಲಕ್ಕೆ ಹತ್ತಿರದ ಸಂಗತಿ ಇನ್ನೂ ಸೊಗಸಾಗಿದೆ. ಖಗೋಳವಿಜ್ಞಾನಿ ಕಾರ್ಲ್ ಸಾಗನ್ ತಮ್ಮ ಕಾದಂಬರಿಯ ನಾಯಕಿಯನ್ನು ನಕ್ಷತ್ರಗಳಾಚೆ ಕಳಿಸಬೇಕಾದಾಗ ದಾರಿ ಸರಿಯಿದೆಯೇ ಎಂದು ಭೌತವಿಜ್ಞಾನಿ ಕಿಪ್ ಥಾರ್ನ್ ಅವರನ್ನು ಕೇಳಿದರು. ಥಾರ್ನ್ ಲೆಕ್ಕ ಹಾಕಿ, ಬೆಳಕನ್ನೂ ಹೊರಬಿಡದ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಬೇಡ, ದೇಶಕಾಲದಲ್ಲಿ ಸುರಂಗ (ವರ್ಮ್‌ಹೋಲ್) ಬೇಕು ಎಂದರು. ಆ ಲೆಕ್ಕವೇ ಬೆಳೆದು 1988ರಲ್ಲಿ ತಮ್ಮ ವಿದ್ಯಾರ್ಥಿ ಮೈಕೆಲ್ ಮಾರಿಸ್ ಜೊತೆಗಿನ ಸಂಶೋಧನ ಪ್ರಬಂಧವಾಯಿತು. ಕತೆಗಾರ ಒಂದು ಪ್ರಶ್ನೆ ಕೇಳಿದ್ದರಿಂದ ಭೌತಶಾಸ್ತ್ರಕ್ಕೇ ಹೊಸ ವಿಷಯ ಸಿಕ್ಕಿತು.

ನಮ್ಮಲ್ಲಿ ಯಾರು ಯಾರನ್ನು ಕೇಳುತ್ತಾರೆ? ನನ್ನ ನಿಜವಾದ ಕೊರಗು ಇದು, ನಿಮ್ಮೊಬ್ಬರ ಮೇಲಿನದಲ್ಲ. ಯಾವುದಾದರೂ ಕತೆಯಲ್ಲಿ ಹುಬ್ಬಳ್ಳಿಯ ಉಣಕಲ್ ಕೆರೆ ಧಾರವಾಡದಿಂದ ಬೆಳಗಾವಿಗೆ ಹೋಗುವ ದಾರಿಯಲ್ಲಿ ಬಂದರೆ ವಾರದೊಳಗೆ ಆಕ್ಷೇಪದ ಪತ್ರಗಳು ಬರುತ್ತವೆ, ಬರಬೇಕಾದದ್ದೇ. ಅದೇ ಸಂಚಿಕೆಯ ಧಾರಾವಾಹಿಯಲ್ಲಿ ಹುಣ್ಣಿಮೆಯ ಚಂದ್ರ ನಡುರಾತ್ರಿ ಮೂಡಿದರೆ ಯಾರೂ ಚಕಾರವೆತ್ತುವುದಿಲ್ಲ, ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೇ ಮೂಡುತ್ತಾನೆಂದು ಹೊಲದಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಗೊತ್ತಿದ್ದರೂ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತ ಮಕ್ಕಳು ಪಿಯುಸಿಗೆ ಬಂದೊಡನೆ ಅದನ್ನು ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಅಲ್ಲಿಂದ ಮುಂದೆ ಅವರ ಭೌತಶಾಸ್ತ್ರ ಒಂದು ಭಾಷೆಯಲ್ಲಿ, ಅವರ ಕತೆ ಕವಿತೆ ಇನ್ನೊಂದು ಭಾಷೆಯಲ್ಲಿ ಉಳಿಯುತ್ತವೆ. ಧಾರವಾಡದಲ್ಲಿ 1890ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘವಿದೆ, ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಎರಡೂ ಕಡೆ ನಾನು ಹೋಗುತ್ತೇನೆ, ಎರಡೂ ಕಡೆ ಒಳ್ಳೆಯ ಮಾತು ಕೇಳುತ್ತೇನೆ, ಆದರೆ ಇಲ್ಲಿ ಕಂಡ ಮುಖ ಅಲ್ಲಿ ಕಾಣುವುದು ಅಪರೂಪ. ಕತೆಗಾರರು ವಿಜ್ಞಾನಿಗಳಿಗೆ ಅಂಜುತ್ತಾರೆ. ಅಧ್ಯಾಪಕರು ಕತೆಯನ್ನು ತಮ್ಮ ಘನತೆಗೆ ತಕ್ಕದ್ದಲ್ಲವೆಂದುಕೊಳ್ಳುತ್ತಾರೆ. ಇಬ್ಬರೂ ತಪ್ಪು ಮಾಡುತ್ತಿದ್ದಾರೆ.

ಆದ್ದರಿಂದ ಈ ಉತ್ತರದ ಕೊನೆಯ ಸಾಲುಗಳು ನಿಮಗಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಕಲಿಸುವವರಲ್ಲಿ ನಮ್ಮ ಪತ್ರಿಕೆಯ ಓದುಗರು ಅನೇಕರಿದ್ದೀರಿ. ಕತೆಗಾರರ ಪ್ರಶ್ನೆಗಳಿಗೆ ಕನ್ನಡದಲ್ಲಿ, ಅಂಕಿಗಳ ಸಮೇತ ಉತ್ತರಿಸಲು ಒಪ್ಪುವವರು ನಮಗೆ ಒಂದು ಸಾಲು ಬರೆಯಿರಿ. ಪ್ರಶ್ನೆಗಳನ್ನು ತಲುಪಿಸುವ ಹೊಣೆ ಪತ್ರಿಕೆಯದು. ಉತ್ತರಿಸಿದವರ ಹೆಸರು ಕತೆಯ ಜೊತೆಗೇ ಅಚ್ಚಾಗುತ್ತದೆ.

— ಸಂಪಾದಕ