ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆದಾಗಲೆಲ್ಲ ವಿಂಡೋಸ್ ಅನುಮತಿ ಕೇಳುತ್ತೆ. ಆ್ಯಂಟಿವೈರಸ್ ಹೇಗೂ ಇದೆಯಲ್ಲ, ಅನುಮತಿ ಕೇಳೋ ಈ ಪ್ರಶ್ನೆಯನ್ನು ಪೂರ್ತಿ ಆಫ್ ಮಾಡೋದು ಹೇಗೆ?

ಆಫ್ ಮಾಡಬೇಡಿ. 2016ರಲ್ಲಿ ಅಪ್ಪನ ಪೈಪು, ಸ್ಯಾನಿಟರಿ ಅಂಗಡಿಯಲ್ಲಿ ಇದೇ ಕಿರಿಕಿರಿಗೆ ನಾನು ಅದನ್ನೇ ಮಾಡಿದ್ದೆ.

ವಿಂಡೋಸ್ 7 ಇದ್ದ ಒಂದೇ ಕಂಪ್ಯೂಟರ್. ಅಪ್ಪ, ನಾನು, ಕೌಂಟರ್ ಹುಡುಗ, ಮೂವರಿಗೂ ಒಂದೇ ಅಡ್ಮಿನ್ ಖಾತೆ, ಅಂದರೆ ಕಂಪ್ಯೂಟರ್‌ನಲ್ಲಿ ಏನು ಬೇಕಾದರೂ ಬದಲಿಸೋ ಅಧಿಕಾರ ಇರೋ ಖಾತೆ. ಪಾಸ್‌ವರ್ಡ್ ಇಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟವರು ಅದಕ್ಕೆ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಅಂತ ಟಿಕ್ ಮಾಡಿ ಹೋಗಿದ್ದರು. ತೆರೆದಾಗಲೆಲ್ಲ ಪರದೆ ಮಬ್ಬಾಗಿ ಪ್ರಶ್ನೆ ಬರುತ್ತಿತ್ತು. ಗಿರಾಕಿ ಎದುರು ನಿಂತಿರುವಾಗಲೇ ಅಪ್ಪ ‘ಲೋ, ಮತ್ತೆ ಏನೋ ಕೇಳ್ತಿದೆ ನೋಡೋ’ ಅಂತ ಕೂಗುತ್ತಿದ್ದರು. ಒಂದು ಭಾನುವಾರ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಈ ಪ್ರಶ್ನೆ ಯಾವಾಗ ಬರಬೇಕು ಅಂತ ಹೇಳೋ ‘ಯೂಸರ್ ಅಕೌಂಟ್ ಕಂಟ್ರೋಲ್’ ಸ್ಲೈಡರನ್ನು ತಳಕ್ಕೆ ಎಳೆದು ರೀಸ್ಟಾರ್ಟ್ ಮಾಡಿದೆ. ಆಮೇಲೆ ಏನೂ ಕೇಳಲಿಲ್ಲ.

ತಪ್ಪಾಗಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನಗೆ ಆಗ ಯಾರೂ ಹೇಳಿರಲಿಲ್ಲ. 2007ರಲ್ಲಿ ವಿಸ್ಟಾ ಬಂದಾಗಿನಿಂದ, ನೀವು ಅಡ್ಮಿನ್ ಆಗಿ ಲಾಗಿನ್ ಆದರೂ ನೀವು ತೆರೆಯೋ ಪ್ರೋಗ್ರಾಂಗಳಿಗೆ ಸಿಗೋದು ಸಾಮಾನ್ಯ ಬಳಕೆದಾರನ ಅಧಿಕಾರ ಮಾತ್ರ. ‘ಯೆಸ್’ ಒತ್ತಿದರೆ ಆ ಒಂದು ಪ್ರೋಗ್ರಾಂಗೆ ಪೂರ್ತಿ ಅಧಿಕಾರ ಸಿಗುತ್ತೆ. ವಿಂಡೋಸ್ 7ರಲ್ಲಿ ಸ್ಲೈಡರ್ ತಳಕ್ಕೆ ಎಳೆದರೆ ಈ ಭೇದವೇ ಹೋಗುತ್ತೆ. ಬ್ರೌಸರ್, ಮೇಲ್‌ನಲ್ಲಿ ಬಂದ ಫೈಲ್, ಪೆನ್‌ಡ್ರೈವ್‌ನಲ್ಲಿ ಬಂದ ಪ್ರೋಗ್ರಾಂ, ಯಾವುದನ್ನು ತೆರೆದರೂ ಅದು ಅಡ್ಮಿನ್. ನಮ್ಮ ಸಾಫ್ಟ್‌ವೇರ್‌ಗೆ ನಿಜವಾಗಿ ಬೇಕಿದ್ದದ್ದು ತನ್ನ ಡೇಟಾ ಫೋಲ್ಡರ್ ಒಂದರಲ್ಲಿ ಬರೆಯೋ ಅನುಮತಿ. ಆ ಒಂದು ಫೋಲ್ಡರ್‌ಗೋಸ್ಕರ ನಾನು ಇಡೀ ಕಂಪ್ಯೂಟರನ್ನೇ ಬಿಟ್ಟುಕೊಟ್ಟಿದ್ದೆ.

ಕೆಲವು ತಿಂಗಳಾದ ಮೇಲೆ ಮೇಲ್‌ನಲ್ಲಿ ಒಂದು ಜಿಪ್ ಫೈಲ್ ಬಂತು. ಒಳಗೆ ‘ಇನ್‌ವಾಯ್ಸ್.ಪಿಡಿಎಫ್’. ನಿಜವಾದ ಹೆಸರು ‘ಇನ್‌ವಾಯ್ಸ್.ಪಿಡಿಎಫ್.ಜೆಎಸ್’, ಕೊನೆಯ ತುಂಡನ್ನು ವಿಂಡೋಸ್ ಮುಚ್ಚಿಟ್ಟಿತ್ತು. ಅಂದರೆ ಅದು ಬಿಲ್ ಅಲ್ಲ, ಪ್ರೋಗ್ರಾಂ. ಹುಡುಗ ತೆರೆದ. ಅವನ ತಪ್ಪಲ್ಲ, ಕಂಪನಿಗಳ ಬಿಲ್ ಬರೋದೇ ಹಾಗೆ. ಮಧ್ಯಾಹ್ನದ ಹೊತ್ತಿಗೆ ಫೈಲುಗಳ ಹೆಸರೆಲ್ಲ ಬದಲಾಗಿ, ಯಾವುದೂ ತೆರೆಯದೆ, ಫೈಲು ವಾಪಸ್ ಬೇಕಾದರೆ ಬಿಟ್‌ಕಾಯಿನ್ ಕೊಡಿ ಅನ್ನೋ ಇಂಗ್ಲಿಷ್ ಚೀಟಿ ಡೆಸ್ಕ್‌ಟಾಪ್ ಮೇಲೆ ಕೂತಿತ್ತು. ಡೇಟಾ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರೀವಿಯಸ್ ವರ್ಷನ್ಸ್’ ನೋಡಿದೆ. ಖಾಲಿ. ವಿಂಡೋಸ್ ತಾನಾಗಿ ಇಟ್ಟುಕೊಂಡಿದ್ದ ಹಳೆ ಪ್ರತಿಗಳನ್ನೂ ಆ ವೈರಸ್ ಅಳಿಸಿತ್ತು. ಹಾಗೆ ಅಳಿಸೋಕೆ ಅಡ್ಮಿನ್ ಅಧಿಕಾರ ಬೇಕು. ಪ್ರಶ್ನೆ ಕೇಳೋ ಆ ಪರದೆ ಇದ್ದಿದ್ದರೂ ಫೈಲುಗಳು ಹಾಳಾಗುತ್ತಿದ್ದವು, ನಿಜ. ಆದರೆ ಹುಡುಗ ಆಗ ‘ನೋ’ ಒತ್ತಿದ್ದರೆ, ಹಳೆ ಪ್ರತಿಗಳು ಉಳಿಯೋ ಸಾಧ್ಯತೆ ಇತ್ತು. ಎರಡು ವರ್ಷದ ಉದ್ರಿ ಲೆಕ್ಕ ಹೋಯಿತು. ‘ನಿಮ್ಮದು ಎಷ್ಟಿತ್ತು’ ಅಂತ ಅಪ್ಪ ಗಿರಾಕಿಗಳ ಮನೆ ಮನೆಗೆ ಹೋಗಿ ಕೇಳಬೇಕಾಯಿತು.

ಆ್ಯಂಟಿವೈರಸ್ ನಮ್ಮಲ್ಲೂ ಇತ್ತು. ಅದು ಹಿಡಿಯೋದು ತನಗೆ ಪರಿಚಯ ಇರೋದನ್ನು, ಅನುಮಾನ ಬಂದಿದ್ದನ್ನು. ಅದನ್ನೊಂದೇ ನಂಬಿಕೊಂಡು ಈ ಬಾಗಿಲು ತೆಗೆಯಬೇಡಿ.

‘ಆಫ್ ಮಾಡೋದು ಹೇಗೆ’ ಅನ್ನೋದನ್ನು ಬಿಡಿ, ‘ಈ ಸಾಫ್ಟ್‌ವೇರ್‌ಗೆ ಅಡ್ಮಿನ್ ಯಾಕೆ ಬೇಕು’ ಅಂತ ಅದನ್ನು ಹಾಕಿಕೊಟ್ಟವರನ್ನು ಕೇಳಿ. ಬಿಲ್ ಬರೆಯೋಕೆ ಅಡ್ಮಿನ್ ಬೇಕಾಗಬಾರದು. ಅದು ಡೇಟಾ ಎಲ್ಲಿಡುತ್ತೆ ಅಂತ ತಿಳಿದುಕೊಂಡು ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ. ಪ್ರಾಪರ್ಟೀಸ್, ಸೆಕ್ಯುರಿಟಿ, ಎಡಿಟ್, ಅಲ್ಲಿ ‘ಯೂಸರ್ಸ್’ಗೆ ‘ಮಾಡಿಫೈ’ ಕೊಡಿ. ಆಮೇಲೆ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಟಿಕ್ ತೆಗೆದು ನೋಡಿ. ಎಷ್ಟೋ ಹಳೆ ಸಾಫ್ಟ್‌ವೇರ್‌ಗಳು ಇಷ್ಟಕ್ಕೇ ಸುಮ್ಮನಾಗುತ್ತವೆ.

ಹಾಗೇ ಇನ್ನೊಂದು ಅಡ್ಮಿನ್ ಖಾತೆ ಮಾಡಿ, ಪಾಸ್‌ವರ್ಡ್ ಹಾಕಿ, ಅದರಲ್ಲಿ ಒಮ್ಮೆ ಲಾಗಿನ್ ಆಗಿ ಸರಿ ಇದೆಯಾ ನೋಡಿಕೊಳ್ಳಿ. ಆಮೇಲೆ ದಿನಾ ಬಳಸೋ ಖಾತೆಯನ್ನು ‘ಸ್ಟ್ಯಾಂಡರ್ಡ್ ಯೂಸರ್’ಗೆ ಇಳಿಸಿ. ಬ್ಯಾಕಪ್ ಡ್ರೈವ್ ಇದ್ದರೆ ಕೆಲಸ ಮುಗಿದ ತಕ್ಷಣ ಕಳಚಿಡಿ. ನಮ್ಮದು ಅವತ್ತು ಕಂಪ್ಯೂಟರ್‌ಗೇ ಚುಚ್ಚಿಕೊಂಡಿತ್ತು, ಅದರಲ್ಲಿದ್ದ ಫೈಲುಗಳೂ ಹೋದವು.