ಮಾರ್ಟಿನ್ ಲೂಥರ್ ಕಿಂಗ್ ರಜೆ ಜನವರಿ 15ಕ್ಕೇ ಏಕಿಲ್ಲ?

ಕರಿಯರ ಸಮಾನ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರು ಹುಟ್ಟಿದ್ದು ಜನವರಿ 15ರಂದು, ಆದರೂ ಅಮೆರಿಕದಲ್ಲಿ ಅವರ ಹೆಸರಿನ ರಜೆ ವರ್ಷಕ್ಕೊಂದು ತಾರೀಖಿಗೆ ಬರುವುದೇಕೆ, ಎಲ್ಲ ರಾಜ್ಯಗಳೂ ಅದನ್ನು ಒಪ್ಪಿವೆಯೇ ಎಂದು ತಾವು ಕೇಳಿದ್ದೀರಿ. ಕಾಯ್ದೆಯೇ ಜನವರಿಯ ಮೂರನೆಯ ಸೋಮವಾರವನ್ನು ಗೊತ್ತುಪಡಿಸಿರುವುದರಿಂದ ಅದು 15ರಿಂದ 21ರೊಳಗೆ ಎಂದಾದರೂ ಬೀಳುತ್ತದೆ.

ತಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ನನ್ನ ಭಾವನೆ. 1968ರ ಏಪ್ರಿಲ್ 4ರಂದು ಕಿಂಗ್ ಅವರ ಹತ್ಯೆಯಾದ ನಾಲ್ಕೇ ದಿನಗಳಲ್ಲಿ ಅಮೆರಿಕದ ಕೆಳಮನೆಯ ಸದಸ್ಯ ಜಾನ್ ಕಾನ್ಯರ್ಸ್ ಅವರು ಮಂಡಿಸಿದ ಈ ರಜೆಯ ಪ್ರಸ್ತಾವವು ವರ್ಷಗಟ್ಟಲೆ ನೆನೆಗುದಿಗೆ ಬಿದ್ದು, 1979ರಲ್ಲಿ ಕೆಳಮನೆಯಲ್ಲಿ ಐದೇ ಮತಗಳ ಕೊರತೆಯಿಂದ ಸೋತು, ಕೊನೆಗೆ 1983ರ ನವೆಂಬರ್ 2ರಂದು ಅಧ್ಯಕ್ಷ ರೇಗನ್ ಅವರ ಅಂಕಿತವನ್ನು ಪಡೆಯಿತು. ಮೊದಲ ಆಚರಣೆ ನಡೆದದ್ದು 1986ರಲ್ಲಿ. ಆದರೆ ಆ ಕಾಯ್ದೆ ರಾಜ್ಯ ಸರ್ಕಾರಗಳನ್ನು ಕಟ್ಟಿಹಾಕುವಂಥದ್ದಲ್ಲ. ಪ್ರತಿಯೊಂದು ರಾಜ್ಯವೂ ತಾನಾಗಿಯೇ ಒಪ್ಪಬೇಕಿತ್ತು. ಅರಿಜೋನಾದ ಮತದಾರರು 1990ರಲ್ಲಿ ಈ ರಜೆಯನ್ನು ತಿರಸ್ಕರಿಸಿದ ಕಾರಣ, 1993ರಲ್ಲಿ ಅಲ್ಲಿ ನಡೆಯಬೇಕಿದ್ದ ಅಮೆರಿಕನ್ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನೇ ಕ್ಯಾಲಿಫೋರ್ನಿಯಾಕ್ಕೆ ವರ್ಗಾಯಿಸಲಾಯಿತು. 1992ರಲ್ಲಿ ಅದೇ ಮತದಾರರು ರಜೆಗೆ ಸಮ್ಮತಿಸಿದರು. ಸಂಬಳಸಹಿತ ರಜೆಯೆಂದು ಎಲ್ಲರಿಗಿಂತ ಕೊನೆಗೆ, 2000ದಲ್ಲಿ, ಒಪ್ಪಿದ್ದು ದಕ್ಷಿಣ ಕ್ಯಾರೊಲಿನಾ. ನನಗೆ ಇಂದಿಗೂ ನೋವುಂಟುಮಾಡುವ ಸಂಗತಿಯೆಂದರೆ, ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಅಮೆರಿಕ ಒಕ್ಕೂಟದಿಂದ ಸಿಡಿದುಹೋದ ರಾಜ್ಯಗಳ ಸೇನಾನಿ ರಾಬರ್ಟ್ ಲೀ ಅವರ ರಜೆಯನ್ನೂ ಅಲಬಾಮಾ ಮತ್ತು ಮಿಸಿಸಿಪ್ಪಿಗಳು ಅದೇ ಸೋಮವಾರದಂದು ಇಟ್ಟುಕೊಂಡಿರುವುದು.