ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳನ್ನು ಪಿಯುಸಿಗೆ ಹಚ್ಚದೆ ಕೋಡಿಂಗ್ ಶಾಲೆಗೆ ಸೇರಿಸಬಹುದೇ?

ಈಗಲೇ ಬೇಡ ಸರ್. ನೀವು ಮಸ್ಕಿಯವರು, ಮಗಳು ಬೆಂಗಳೂರಿನ ಕೋಡಿಂಗ್ ಶಾಲೆಗೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ ಅಂತ ಬರೆದಿದ್ದೀರಿ. ನಾನು ಸಿಂಧನೂರಿನವಳು, ಬಿಎಸ್ಸಿ ಅರ್ಧಕ್ಕೆ ಬಿಟ್ಟು ಅಂಥದ್ದೇ ಕಡೆ ಕಲಿತವಳು. ಇವತ್ತು ಆ ವಿದ್ಯೆಯಿಂದಲೇ ದುಡಿಯುತ್ತಿದ್ದೇನೆ. ಆದರೂ ಬೇಡ ಅನ್ನುತ್ತೇನೆ.

ಅಲ್ಲಿನ ಕಲಿಕೆ ನಿಜಕ್ಕೂ ಬೇರೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನು ಮೊದಲು ಬರೆದ ಪ್ರೋಗ್ರಾಂ ನಮ್ಮ ಮನೆಯ ಭತ್ತದ ಲೆಕ್ಕ. ನಮ್ಮ ಕಡೆ 75 ಕೆಜಿ ಚೀಲದ ಮೇಲೆ ಮಾರುತ್ತೇವಲ್ಲ, ತೂಕ ಕೊಟ್ಟರೆ ಎಷ್ಟು ಚೀಲ, ಎಷ್ಟು ದುಡ್ಡು ಅಂತ ಅದು ಹೇಳಬೇಕು. 1,990 ಕೆಜಿ ಹಾಕಿದೆ, 26 ಚೀಲದ ದುಡ್ಡು ತೋರಿಸಿತು. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಉಳಿದ 40 ಕೆಜಿ ಎಲ್ಲಿ ಹೋತವ್ವ?" ಅಂದ. ಭಾಗಾಕಾರಕ್ಕೆ ನಾನು ಎರಡು ಓರೆಗೀಟು (//) ಹಾಕಿದ್ದೆ, ಅದು ಪೂರ್ಣಸಂಖ್ಯೆ ಇಟ್ಟುಕೊಂಡು ಮಿಕ್ಕದ್ದನ್ನು ಬಿಟ್ಟುಬಿಡುತ್ತದೆ. ಮೇಷ್ಟ್ರು ಹೇಳಿಕೊಡಲಿಲ್ಲ. ಪಕ್ಕದ ಹುಡುಗಿ, ನಾನು ರಾತ್ರಿ ಊಟ ಬಿಟ್ಟು ಹುಡುಕಿದೆವು. ಭಾಗಲಬ್ಧ, ಶೇಷ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಶೇಷ ಅಂದರೆ ಅಪ್ಪನ ದುಡ್ಡು ಅಂತ ತಿಳಿದದ್ದು ಅವತ್ತು.

ಇಂಥ ಕಲಿಕೆ ನನ್ನ ವಯಸ್ಸಿಗೆ ಸರಿಹೋಯಿತು. ಪ್ಯಾರಿಸ್‌ನಲ್ಲಿ 2013ರಲ್ಲಿ ಶುರುವಾದ 42 ಎಂಬ ಶಾಲೆಯಲ್ಲಿ ಪಾಠ ಮಾಡುವ ಮೇಷ್ಟ್ರೇ ಇಲ್ಲ, ಶುಲ್ಕವೂ ಇಲ್ಲ, ಆದರೆ ಅಲ್ಲಿಗೂ ಸಾಮಾನ್ಯವಾಗಿ ಬರುವವರು 18 ದಾಟಿದವರು.

ಮುಂದೆ ಒಂದು ಸರ್ಕಾರಿ ಹುದ್ದೆಗೆ ಅರ್ಜಿ ಹಾಕಲು ಕೂತೆ. ಪದವಿಯ ಜಾಗದಲ್ಲಿ ತುಂಬಲು ನನ್ನ ಬಳಿ ಏನೂ ಇರಲಿಲ್ಲ. ಅವತ್ತು ಅತ್ತಿದ್ದೇನೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರು ವರ್ಷಗಟ್ಟಲೆ ಹೋರಾಡಿ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಪಡೆದರು. ಇಲ್ಲಿನ ಕಾಲೇಜುಗಳಲ್ಲಿ 70% ಸೀಟು, ಸ್ಥಳೀಯ ಗ್ರೂಪ್ ಸಿ ಹುದ್ದೆಗಳಲ್ಲಿ 80% ನಮ್ಮ ಮಕ್ಕಳಿಗೇ. ಆದರೆ ಆ ಬಾಗಿಲಲ್ಲಿ ಮೊದಲು ಕೇಳುವುದು ಅಂಕಪಟ್ಟಿ. ಕೋಡಿಂಗ್ ಶಾಲೆಯ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ.

ಪಿಯುಸಿ ಬೇಡವೇ ಬೇಡ ಅಂದರೆ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾಕ್ಕೆ ಸೇರಿಸಿ. ಮೂರು ವರ್ಷ, ಆಮೇಲೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಅದೂ ಒಲ್ಲೆ ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹನ್ನೆರಡನೇ ತರಗತಿ ಕಟ್ಟಿಸಿ.

ಪೈಥಾನ್‌ಗೆ ದುಡ್ಡು ಬೇಡ, ಇವತ್ತೇ ಮನೆಯಲ್ಲಿ ಶುರು ಮಾಡಲಿ. ಮೊದಲ ಪ್ರೋಗ್ರಾಂ ನಿಮ್ಮ ಮನೆಯ ಲೆಕ್ಕದ್ದೇ ಇರಲಿ, ತಪ್ಪು ಹಿಡಿಯಲು ನೀವು ಪಕ್ಕದಲ್ಲಿ ಕೂತಿರಿ.